ಪಿನ್ನು

ನಮ್ಮ ಝುವಾರಿನಗರದಾಗ ಕೋಳಿ ಕೂಗಂಗಿಲ್ಲ.
ಇರೋವೆಲ್ಲ ಬ್ರಾಯ್ಲರ್;
ನಸುಕಿನ ಗಾಡ್ಯಾಗ ಬರ್ತಾವ,
ಸಂಜಿಗೆ ಪುಕ್ಕಾಗಿ ಗಟಾರ ಸೇರ್ತಾವ.
ಬೆಳಗಾತಂತ ಹೇಳೋದು ದಾಬೋಳಿಯ ಮೊದಲ ವಿಮಾನ,
ತಗಡು ನಡುಗಿಸಿ.

ಅದಕ್ಕ, ನಾ ಮೂರು ಸಲ ಸುಳ್ಳಾಡಿದ್ದು
ಯಾರೂ ಎಣಿಸಲಿಲ್ಲ.

ಮೊದಲನೇದು ಪೊಲೀಸರಿಗೆ.
ಸ್ಟೋಗೆ ಪಂಪ್ ಹೊಡೀತಿದ್ದೆ ಸಾಹೇಬ್ರ,
ಬಾರ್ಜಿನ ಕಡೆ ಬೆನ್ನಿತ್ತು.

ಎರಡನೇದಕ್ಕ ಬಾಯಿ ಬೇಕಾಗಲಿಲ್ಲ.
ಜಯಪಾಲ ಸಾವಕಾರ್ರು ಚಾ ಕುಡಿಯೂತ ಅಂದ್ರು,
"ಲಾಡ್ಲೇಸಾಬ ಕುಡಿದು ಹತ್ತಿದ್ದ, ಹೌದಿಲ್ಲೋ ಎಸ್ತೇರವ್ವ?"
ಗುತ್ತಿಗೆ ಅವರದು. ನನ್ನ ಖೋಲಿ ಅವರದು.
ಚರ್ಚಿನ ತಗಡು, ಹಾರ್ಮೋನಿಯಂ,
ಕ್ರಿಸ್ಮಸ್ಸಿನ ಕೇಕು ಅವರದು.
ತಲಿ ತಾನ ಆಡ್ತು.

ಮೂರನೇದು ಖಾಜಾಬಿಗೆ.
ಅಕಿ ಏನೂ ಕೇಳಲಿಲ್ಲ.
ಮಣ್ಣು ಕೊಟ್ಟ ನಾಕನೇ ದಿನ ಬಂದು
ಗಂಡನ ಚಾದ ಉದ್ರಿ ಎಷ್ಟೈತಿ ಅಂದ್ಲು.
ಎಪ್ಪತ್ತೆರಡು ರೂಪಾಯಿ ಇತ್ತು.
ಏನೂ ಇಲ್ಲ ಅಂದೆ.
ದಾನ ಮಾಡಿದೆ ಅಂತ ಹಗುರಾಗಿ ಮನಿಗೆ ಹೋದೆ.
ರಾತ್ರಿ ತಿಳೀತು,
ಬಾಯಿ ಮುಚ್ಚಿದ್ದಕ್ಕ ನಾ ಕೊಟ್ಟ ಬಡ್ಡಿ ಅದು.

ಐತವಾರ ಪಾಲಕರು ಅಂಗಳದ ಕಥಿ ತೆಗೆದ್ರು:
ಚಳಿಯ ರಾತ್ರಿ, ಕೆಂಡಕ್ಕ ಕೈ ಕಾಸಿಕೋತ
ಆ ಮನುಷ್ಯಾ ನನಗ ಗೊತ್ತ ಇಲ್ಲ ಅಂದ ಮೀನುಗಾರ.
ಎಲ್ಲಾರೂ ಅವನಿಗೆ ತುಸು ಮರುಗಿ
ಕಾಣಿಕಿ ಚೀಲಕ್ಕ ಕೈ ಹಾಕಿದ್ರು.
ನಾ ಕೆಂಡಾನ ನೋಡಾಕತ್ತಿದ್ದೆ.
ಎಷ್ಟು ಬೆಚ್ಚಗಿದ್ದೀತು.

ಹೊರಗ ಚಪ್ಪಲಿ ಮೆಟ್ಟುವಾಗ ಪಾಲಕರು ಮೆತ್ತಗ ಅಂದ್ರು,
"ಸಮನ್ಸ್ ಬಂದೈತಂತ. ಸಭಾದ ಸಮಾಧಾನ ನೋಡ್ರಿ, ಅವ್ವಾರ."
ನೋಡಿದೆ.
ಅದಕ್ಕ ಹೋದ ತಿಂಗಳ ಹೊಸಾ ಪೇಂಟ್ ಬಳಿದಿದ್ರು.

ಧೈರ್ಯ ಬಂದ್ರ ಎದಿ ಉಬ್ಬತೈತಿ ಅನ್ಕೊಂಡಿದ್ದೆ.
ಹೊಟ್ಟಿ ಕೆಟ್ಟಿತು.
ನಾಕು ಸಲ ಹೊರಗ ಹೋಗಿ ಬಂದು
ಸ್ಟೋ, ಕಿಟ್ಲಿ, ರೇಷನ್ ಕಾರ್ಡು, ಎರಡು ಸೀರಿ
ಗೋಣಿಚೀಲಕ್ಕ ತುಂಬಿದೆ.
ತಿರುಗಿ ಬಂದ್ರ ಕದಕ್ಕ ಬ್ಯಾರೆ ಕೀಲಿ ಇರತೈತಿ, ಗೊತ್ತಿತ್ತು.
ಪ್ರಾರ್ಥನಾಕ್ಕ ಕುಂತೆ, ಶಬ್ದ ಬರಲಿಲ್ಲ.
ತಂದೀ, ಅಂದೆ.
ಅಷ್ಟರಾಗ ಬಸ್ ಬಂತು.

ವಾಸ್ಕೋದ ಕೋರ್ಟಿನ ಬಾಗಲಾಗ ಚೀಲ ಬಿಚ್ಚಿಸಿ
ಕಾವಲಿನಂವ ಹಿಂದಿಯೊಳಗ ನಕ್ಕ:
ಸಾಕ್ಷಿ ಹೇಳಾಕ ಬಂದಿಯೋ, ಸಂಸಾರ ಹೂಡಾಕ ಬಂದಿಯೋ?

ಕರೇ ರಟ್ಟಿನ ಗ್ರಂಥ ತರತಾರ,
ಅದರ ಮ್ಯಾಲ ಕೈ ಇಟ್ರ ನಡುಗೋದು ನಿಂದರತೈತಿ ಅನ್ಕೊಂಡಿದ್ದೆ.
ತರಲಿಲ್ಲ.
ದೇವರ ಹೆಸರು ಹೇಳು ಅಂದ್ರು, ಅಷ್ಟ.
ಹಿಡಕೊಳ್ಳಾಕ ಕಟಕಟೆಯ ಕಟ್ಟಿಗಿ ಇತ್ತು.
ಬೆರಳಿನ ಸೀಮೆಎಣ್ಣಿ ಅದಕ್ಕ ಹತ್ತಿತು.

ಬೆನ್ನು ಆ ಕಡೆ ಇರಲಿಲ್ಲ, ಅಂದೆ.
ಮಾರಿ ಇತ್ತು.
ಆಂವ ಕುಡಿದಿರಲಿಲ್ಲ;
ಅವನ ಚಾದ ಗಲಾಸ ಇನ್ನಾ ನನ್ನ ಕೈಯಾಗಿತ್ತು.
ಬೆಲ್ಟ್ ಇರಲಿಲ್ಲ.
ನಡಕ್ಕ ಕಟ್ಟಿದ್ದು ಅರಿಬಿ ಒಣಹಾಕೋ ಹಗ್ಗ.
ಬೀಳೋಮುಂದ "ಯವ್ವಾ" ಅಂದ.

ಅದೊಂದು ಶಬ್ದಕ್ಕ ದುಭಾಷಿ ಬಾಳ ಹೊತ್ತು ಹಿಡಿದ.
ಟೈಪ್ ಮಾಡೋ ಹುಡುಗ
ಬೆರಳು ಎತ್ತಿಕೊಂಡು ಕುಂತಿದ್ದ.
ಸಾವಕಾರ್ರು ಫ್ಯಾನ್ ನೋಡ್ತಿದ್ರು.

ಸಂಜಿಗೆ ಕೀಲಿ ಖರೇನ ಬ್ಯಾರೆ ಇತ್ತು.
ಬಸ್ ಸ್ಟಾಪಿನ ಹಿಂದ ಚೀಲ ಇಳಿಸಿ
ಎರಡು ಕಲ್ಲಿಟ್ಟೆ, ಸ್ಟೋ ಕುಂಡ್ರಿಸಿದೆ.
ಹತ್ತಲಿಲ್ಲ. ಮೂತಿ ಕಟ್ಟಿತ್ತು.
ಪಿನ್ನು ಖೋಲಿಯೊಳಗ ಉಳಿದಿತ್ತು,
ಗ್ವಾಡಿಯ ಮೊಳಿಗೆ.

ವಿಮಾನ ಒಂದು ಇಳಿದುಹೋತು.
ಎದ್ದು, ಸೆರಗು ಝಾಡಿಸಿ,
ಖಾಜಾಬಿ ಮನಿ ಕದ ಬಡದೆ.

ಎಪ್ಪತ್ತೆರಡು ರೂಪಾಯಿ ಉದ್ರಿ ಐತಿ, ಅಂದೆ.
ಸ್ಟೋದ ಪಿನ್ನಿದ್ರ ಕೊಡು.