ಇತರೆ

ಪಾಲಿಕೆಯವರು ಕೊಟ್ಟ ಹಾಳೆಯಲ್ಲಿ
ಕಾರಣ ಬರೆಯಲು ಇರುವ ಜಾಗ ಹೆಬ್ಬೆರಳಿನಷ್ಟು.
ಒಂದು, ಬಡತನ. ಎರಡು, ಮನೆಯ ಜಗಳ.
ಮೂರು, ವಲಸೆ. ನಾಲ್ಕು, ಬುದ್ಧಿಭ್ರಮಣೆ.
ಐದು, ಇತರೆ.
ಇತರೆ ಆದಷ್ಟು ಕಮ್ಮಿ ಇರಲಿ, ಎಂದಿದ್ದರು ಮೇಲಿನವರು.

ಪುಷ್ಯದ ಚಳಿ. ರಾತ್ರಿ ಹನ್ನೊಂದು.
ಕಲಬುರಗಿ ಸ್ಟೇಷನ್ನಿನ ಮುಂದೆ ನಾನು, ನನ್ನ ಬಾಲ್‌ಪೆನ್ನು,
ಟಾರ್ಚು ಹಿಡಿಯಲು ಅಂಗನವಾಡಿಯ ಗುಂಡಮ್ಮ.
"ಮಲಗಿದವರಿಗೆ ಎಬ್ಬಿಸಿ
ನಿಮಗ ಮನಿ ಯಾಕಿಲ್ಲಂತ ಹ್ಯಾಂಗ ಕೇಳೋದ್ರೀ?"
ಕೇಳಿದೆವು.
ರಾತ್ರಿಗೆ ಮುನ್ನೂರು ರೂಪಾಯಿ.

"ಮನಿ ಅದ್ರಿ," ಎಂದ ಮೊದಲನೆಯವನು.
ಹುಡುಗ. ಮೀಸೆ ಇನ್ನೂ ನೆರಳು.
"ಸುರಪುರದಾಗ. ಮಾಳಿಗಿ ಮನಿ. ನಳ, ಫ್ಯಾನು, ಎಲ್ಲಾ ಅದ."
ಮತ್ತೆ?
ಮೊಣಕಾಲಿಗೆ ಗದ್ದ ಊರಿ
ಚಾದರದ ಅಂಚಿನ ದಾರ ಎಳೆಯುತ್ತ ಕುಳಿತ.
ನಾವು ಹೊರಡುವಾಗಲೂ ಎಳೆಯುತ್ತಲೇ ಇದ್ದ.

ಮೆಹ್ರುನ್ನಿಸಾ ಖಾಲಾ ನಕ್ಕಳು:
"ಅಪ್ಪನ ಮನಿ, ಗಂಡನ ಮನಿ, ಅಳಿಯನ ಮನಿ.
ಮೂರೂ ಮನಿ ಕಸಾ ಹೊಡದೀನಿ ಬಾಯೀ,
ಒಂದರದೂ ಕೀಲಿಕೈ ಹಿಡದಿಲ್ಲ."
ಎರಡು ಎಂದು ಬರೆಯಲೇ?
ಜಗಳವಾಡಿದವರು ಬೇರೆಯವರು.

ಶಹಾಬಾದಿನ ಕಲ್ಲಿಗೆ ಮೂವತ್ತು ವರ್ಷ ಹೊಳಪು ಕೊಟ್ಟ ಲಾಲಪ್ಪ
ಕೆಮ್ಮು ನಿಲ್ಲಲಿ, ತಡೀರಿ, ಎಂದು ಕೈ ತೋರಿದ.
ತಡೆದೆವು.
ಅವನ ಕೆಳಗಿದ್ದ ಫರಸಿ ಅವನೂರಿನದೇ.
"ಎಷ್ಟ ಮಂದಿ ಮನಿಗಿ ಹೋಗ್ಯದ ಇದು,"
ಅಂಗೈಯಿಂದ ಸವರಿದ,
ಆಕಳ ಬೆನ್ನು ಸವರಿದ ಹಾಗೆ.

ದವಾಖಾನೆಯ ಗೇಟಿನ ಧನಸಿಂಗ
ಹೆಂಡತಿಯನ್ನು ಸೇರಿಸಲು ಬಂದವನು.
ಅವಳು ಹೋಗಿ ಹದಿನಾಲ್ಕು ತಿಂಗಳು.
"ತಾಂಡಾಕ್ಕ ಹೋಗಿ ಏನಂತ ಹೇಳಲಿ?"
ಹೆಸರಿನ ಚೀಟಿ ಇನ್ನೂ ಅಂಗಿಯ ಜೇಬಿನಲ್ಲಿದೆ,
ಮಡಿಕೆಯಲ್ಲೇ ಹರಿದು ನಾಲ್ಕಾಗಿ.
ಗುಂಡಮ್ಮನ ಟಾರ್ಚು ನೆಲ ನೋಡಿತು.

ಸೂಪರ್ ಮಾರ್ಕೆಟ್ಟಿನ ಬಟ್ಟೆಯಂಗಡಿಯ ಸಾವಕಾರ
ದಿನಾ ಶಟರ್ ಇಳಿಸಿ, ಬೀಗ ಜಗ್ಗಿ ನೋಡಿ,
ಎರಡು ಬಕೀಟು ನೀರು ಸುರಿಯುತ್ತಾನೆ ಕಟ್ಟೆಗೆ.
ಅದು ಒಣಗುವುದರಲ್ಲಿ ಬೆಳಗಾಗುತ್ತದೆ.
"ನಾ ಯಾರಿಗೂ ಬೈಯಲ್ರಿ."
ನಿಜ. ಬೈಯುವುದಿಲ್ಲ.

ಕಾರಿನಲ್ಲಿ ಬಂದವರು ಒಂದೇ ಕಂಬಳಿಯನ್ನು ಮೂರು ಸಲ ಕೊಟ್ಟರು,
ಫೋಟೋದಲ್ಲಿ ಮುಖ ಸರಿಯಾಗಿ ಬೀಳುವ ತನಕ.
ಕಂಬಳಿ ಬೆಚ್ಚಗಿತ್ತು, ಅದನ್ನೂ ಹೇಳಬೇಕು.
ಪೊಲೀಸಪ್ಪನ ಲಾಠಿ ಅಂಗಾಲು ತಟ್ಟುತ್ತ ಹೋಯಿತು,
ಬಾಗಿಲು ತಟ್ಟುವ ಹಾಗೆ:
ಯಾರದ್ದೀರಿ ಒಳಗ?

ಚಹಾದಂಗಡಿಯ ಯಂಕೋಬ
ಒಲೆ ಆರಿಸುವುದಿಲ್ಲ, ಕೆಂಡಕ್ಕೆ ಬೂದಿ ಹೊದಿಸಿ ಹೋಗುತ್ತಾನೆ.
ಅದರ ಸುತ್ತ ಆರು ಜನ, ಎರಡು ನಾಯಿ.
"ಮುಂಜಾನಿ ಲಗೂ ಹತ್ತತದ್ರಿ, ಅದಕ್ಕ," ಎಂದ,
ಕದ್ದು ಸಿಕ್ಕವನಂತೆ ಆಚೆ ನೋಡುತ್ತ.

ಮೂರು ಗಂಟೆಗೆ ಲೆಕ್ಕ ಹಾಕಿದೆವು.
ನಲವತ್ತಾರು ಮಂದಿ. ಮೂವತ್ತೊಂಬತ್ತು ಐದುಗಳು.

ನನ್ನ ಬಾಡಿಗೆ ಮನೆಯ ಗೇಟಿಗೆ ಹತ್ತಕ್ಕೇ ಬೀಗ.
ಈ ಗೇಟು ಸಿಗುವ ಮೊದಲು ಏಳು ಗೇಟುಗಳಲ್ಲಿ
ನಿಮ್ಮದು ಯಾವ ಪೈಕಿ, ಎಂದು ಕೇಳಿದ್ದರು.
ಎಂಟನೆಯದರಲ್ಲಿ ನಾನು ಸುಳ್ಳು ಹೇಳಿದ್ದೆ.
ಗೇಟು ಬಡಿಯಲಿಲ್ಲ.
ಹಾಳೆಗಳನ್ನು ಸೆರಗಿನಲ್ಲಿ ಸುತ್ತಿ ಮೆಟ್ಟಿಲ ಮೇಲೆ ಕುಳಿತೆ.
ಕಲ್ಲು ಎಷ್ಟು ತಣ್ಣಗಿರುತ್ತದೆ ಎಂಬುದಕ್ಕೆ
ನಮ್ಮ ಹಾಳೆಯಲ್ಲಿ ಕಾಲಂ ಇಲ್ಲ.

ಐದಕ್ಕೆ ಬಂದ ಹಾಲಿನ ಹುಡುಗ ಸೈಕಲ್ ನಿಲ್ಲಿಸಿದ.
"ಹೊರಗ ಯಾಕ ಕುಂತೀರಿ ಅಕ್ಕಾ?"
ಬಾಯಿ ತೆರೆದೆ.
ಅವನು ಆಗಲೇ ಪಕ್ಕದ ಮನೆಯ ಗಂಟೆ ಒತ್ತುತ್ತಿದ್ದ.