ಚೀಟಿ ತಪ್ಪಿದ ಬುಟ್ಟಿ

ಮಂಗಳೂರು ಬಂದರು. ಐಸ್ ಪ್ಲಾಂಟಿನ ಮೇಲೆ
ಬೋಟಿನವರ ಸಂಘದ ಆಫೀಸು. ಜೂನ್ ಹನ್ನೊಂದು.
ಕೆಳಗೆ ಹಗ್ಗಕ್ಕೆ ಹಗ್ಗ ಬಿಗಿಸಿಕೊಂಡು
ಒಂದರ ಪಕ್ಕೆಗೊಂದು ಉಜ್ಜುತ್ತ ನಿಂತ ಬೋಟುಗಳು.
ಡೀಸೆಲುಂಟು, ಬಲೆಯುಂಟು. ಹೋಗುವ ಹಾಗಿಲ್ಲ.

ಮೇಜಿನ ಮೇಲೂ ಅದೇ ಕತೆ.
ಕರಿ ಪರದೆ, ಮೂಲೆಯಲ್ಲಿ ಮಿಟುಕುವ ಒಂದು ಗೀಟು.
ಡೆಸ್ಕ್‌ಟಾಪ್ ತೋರಿಸು ಎಂದರೆ
ಒಂದೇ ಮಾತು: ಅನುಮತಿ ಇಲ್ಲ.

"ಎಂತ ಮಾರಾಯ್ತಿ, ನೀನು ರೂಟಲ್ವಾ?"
ದೇಜಪ್ಪಣ್ಣನಿಗೆ ಆ ಶಬ್ದ ನಿನ್ನೆಯಷ್ಟೇ ಸಿಕ್ಕಿದ್ದು.
ಹೌದು, ರೂಟು. ಬೇರು. ಯಾವ ಕಡತವನ್ನೂ ಅಳಿಸಬಲ್ಲೆ,
ಈ ಯಂತ್ರವನ್ನೇ ಒಂದು ಸಾಲಿನಲ್ಲಿ ಸುಡುಗಾಡು ಮಾಡಬಲ್ಲೆ.
ಚಿತ್ರದ ಮನೆಗೆ ಮಾತ್ರ ನನ್ನನ್ನು ಸೇರಿಸುವುದಿಲ್ಲ.
ಬೇರಿಗೆ ಬಿಸಿಲು ತಾಗಬಾರದೆಂದು
ಕಟ್ಟಿದವರು ಯೋಚಿಸಿರಬೇಕು.
ಸರಿ, ಅವರ ಹೆಸರಿನಲ್ಲೇ ಹೋದೆ. ಆಗಲೂ ಕಪ್ಪು.

ಉಪಾಯ ಗೊತ್ತುಂಟು. ಕಾವಲಿನವನನ್ನು ಮಲಗಿಸುವುದು:
ಒಂದು ಶಬ್ದ, ಒಂದು ಸೊನ್ನೆ.
ಹಂಪನಕಟ್ಟೆಯ ಅಂಗಡಿಯಲ್ಲಿ ಇಕ್ಬಾಲ್ ದಿನಾ ಮಾಡುವುದು ಅದನ್ನೇ,
ಗಿರಾಕಿಗೆ ಪರದೆ ಕಂಡರೆ ಆಯ್ತಲ್ಲ.
ಬೆರಳು ಸೊನ್ನೆಯ ಮೇಲಿತ್ತು.
ಆಗ ಧಕ್ಕೆಯಲ್ಲಿ ಯಾರದೋ ಇಂಜಿನ್ನು ಕೆಮ್ಮಿ, ನಿಂತಿತು.
ದೇಜಪ್ಪಣ್ಣ ಕಿಟಕಿಯಾಚೆ ನೋಡಿದರು.
ಅವರ ತಮ್ಮ ಹೋದದ್ದು ಇಂಥದೇ ಜೂನಿನಲ್ಲಿ,
ಅಳಿವೆ ದಾಟಿ ಬರ್ತೇನೆ, ಒಂದೇ ಗಂಟೆ ಅಂತ ಹೇಳಿ.

ಸೊನ್ನೆ ಅಳಿಸಿದೆ. ದಾಖಲೆ ಬಿಚ್ಚಿದೆ.
ಕಾವಲಿನವ, ಪಾಪ, ಎಲ್ಲ ಬರೆದಿಟ್ಟಿದ್ದಾನೆ:
ಯಾರು ಬಂದರು, ಎಂತ ಕೇಳಿದರು,
ಯಾವ ಸೆಕೆಂಡಿಗೆ ಬೇಡವೆಂದೆ.
ನಾನ್ನೂರು ಸಾಲು. ಚಾ ತಣಿಯಿತು.
ಕೊನೆಗೆ ಸಿಕ್ಕಿದ್ದು ಇಷ್ಟೇ: ಹಳೆ ಡಿಸ್ಕಿನಿಂದ ಹೊತ್ತು ತಂದ
ಅವರ ಕಡತಗಳ ಮೇಲೆಲ್ಲ ಹಳೆ ಮನೆಯ ಚೀಟಿ.
ಬಂಗುಡೆ ಬುಟ್ಟಿಗೆ ಬೂತಾಯಿಯ ಚೀಟಿ ಅಂಟಿದ್ದರೆ
ಏಲಂ ಕೂಗುವವ ಮುಟ್ಟುವನೇ?

ಚೀಟಿ ಬದಲಿಸಿದೆ.
ಪರದೆ ಒಮ್ಮೆ ನಡುಗಿ, ಬೆಳಗಾಯಿತು.
ಹಿಮದ ಬೆಟ್ಟ, ಒಂದು ಕಸದ ತೊಟ್ಟಿ, ಒಂದು ಬಾಣ.
"ಸಮುದ್ರ ಇಲ್ವಾ ಇದ್ರಲ್ಲಿ?"
ಹಾಕುವ ಅಂದೆ. ಮೊದಲು ನಿಮ್ಮದೇ ಹೊಸ ಪಾಸ್‌ವರ್ಡು ಇಡಿ,
ನನಗೆ ಹೇಳುವುದು ಬೇಡ, ನಾನು ಆಚೆ ನೋಡ್ತೇನೆ.

ಒಂದೇ ಬೆರಳು. ಟಕ್.
ತುಂಬ ಹೊತ್ತು. ಟಕ್.
ಕೆಳಗೆ ಬೋಟುಗಳು ಹಗ್ಗ ಜಗ್ಗುತ್ತಿದ್ದವು.
ನೋಡಲಿಲ್ಲ, ಆದರೆ ಎಣಿಸಿದೆ: ಎಂಟು ಸಲ.
ಒಬ್ಬರ ಹೆಸರಿನಷ್ಟು ಉದ್ದ.