ಚಕ್ರಕ್ಕೆ ತಲುಪಿದ್ದು

ಸ್ಯಾಗಿನಾ ಊರು, ಜನವರಿ,
ಹೊರಗೆ ಸೊನ್ನೆಗಿಂತ ಹನ್ನೊಂದು ಕೆಳಗೆ.
ನನ್ನ ಶೆಡ್ಡಿನ ಉರುಳೆಗಳ ಮೇಲೆ
ಡ್ವೈಟ್ ಓಕರ್‌ಲುಂಡನ ಕೆಂಪು ಕಾರು;
ನಾಲ್ಕು ಪಟ್ಟಿ ಬಿಗಿದಿದ್ದೇನೆ,
ಓಡುತ್ತದೆ, ಎಲ್ಲಿಗೂ ಹೋಗುವುದಿಲ್ಲ.

ಕಂಪನಿಯ ಕಾಗದದಲ್ಲಿ ಮುನ್ನೂರು ಕುದುರೆ.
ಉರುಳೆ ಹೇಳಿತು: ಇನ್ನೂರ ಐವತ್ತೊಂದು.
ಇನ್ನೊಮ್ಮೆ ಅಂದ. ಓಡಿಸಿದೆ.
ಇನ್ನೂರ ನಲವತ್ತೊಂಬತ್ತು.
"ನಿನ್ನ ತಕ್ಕಡಿ ಸರಿಯಿಲ್ಲ."

ತಕ್ಕಡಿಗೆ ಬೈದವರು ಬಹಳ ಮಂದಿ ಇಲ್ಲಿ.
ಅಂಥವರಿಗೆ ನಾನು, ಕೈಯೊರೆಸಿಕೊಳ್ಳುತ್ತ,
ಅಪ್ಪನ ಕತೆ ಹೇಳುತ್ತೇನೆ.

ಎಪ್ಪತ್ತರಲ್ಲಿ ಅಪ್ಪ ಎಂಜಿನ್ ಪರೀಕ್ಷೆಯ ಕೋಣೆಯಲ್ಲಿದ್ದ.
ಫ್ಯಾನು ಕಳಚು, ಆಲ್ಟರ್ನೇಟರ್ ಕಳಚು,
ಗಾಳಿ ಸೋಸುವ ಡಬ್ಬ ತೆಗೆದಿಡು,
ಸೈಲೆನ್ಸರ್ ಬೇಡ, ಅಗಲದ ಕೊಳವೆ ಸಾಕು.
ಮೈಮೇಲೆ ನೂಲೆಳೆಯಿಲ್ಲದ ಎಂಜಿನ್ನು
ಕಟ್ಟೆಯ ಮೇಲೆ ಕೂತು ಕೂಗುತ್ತಿತ್ತು,
ಕೂಗಿದಷ್ಟನ್ನೂ ಅಪ್ಪ ಬರೆದುಕೊಳ್ಳುತ್ತಿದ್ದ.
ಅದೇ ಅಂಕಿ ಜಾಹೀರಾತಿಗೆ ಹೋಗುತ್ತಿತ್ತು, ದಪ್ಪಕ್ಷರದಲ್ಲಿ.

ಎಪ್ಪತ್ತೆರಡಕ್ಕೆ ಲೆಕ್ಕ ಬದಲಾಯಿತು:
ಹೊರುವುದನ್ನೆಲ್ಲ ಹೊರಿಸಿಯೇ ಅಳೆಯಿರಿ.
ಮುನ್ನೂರು ಹೋಗಿ ಇನ್ನೂರ ಹತ್ತು,
ಒಂದು ನಟ್ಟೂ ಅಲುಗದೆ.
"ಕುದುರೆ ಕದ್ದಿರೇನೋ?" ಬೇಲಿಯಾಚೆಯಿಂದ ಕೂಗಿದ
ಪಕ್ಕದ ಮನೆಯ ಪ್ರುಖ್ನಿಕ್.
ಅಪ್ಪ ನಕ್ಕ, ತುಸು ತಡವಾಗಿ;
ಎಡಗಿವಿ ಆಗಲೇ ಹೋಗಿತ್ತು.
ಆ ಕಿವಿ ಹಳೆಯ ಲೆಕ್ಕದಲ್ಲೂ ಬರಲಿಲ್ಲ,
ಹೊಸದರಲ್ಲೂ.

ಡ್ವೈಟನಿಗೆ ಕತೆ ಬೇಕಿರಲಿಲ್ಲ.
"ಇದು ಹೊಸ ಲೆಕ್ಕದ ಕಾರು. ನನ್ನ ಐವತ್ತು ಎಲ್ಲಿ?"

ಪಟ್ಟಿ ಬಿಚ್ಚಿ, ಕಾರನ್ನು ಮೇಲೆತ್ತಿ,
ಬಾ ಅಂದೆ ಅಡಿಗೆ.
ಅವರು ಅಳೆದದ್ದು ಎಂಜಿನ್ನಿನ ಹೊಸ್ತಿಲಲ್ಲಿ,
ನಾನು ಅಳೆಯುವುದು ಟಯರು ನೆಲ ಮುಟ್ಟುವಲ್ಲಿ.
ನಡುವೆ ಹಲ್ಲು ಮಸೆಯುವ ಗೇರುಪೆಟ್ಟಿಗೆ,
ಉದ್ದನೆಯ ದಂಡ,
ಹಿಂದೆ ಈ ಕಬ್ಬಿಣದ ಕುಂಬಳಕಾಯಿ.
ಅದರೊಳಗೆ ಎಣ್ಣೆ ಕಡೆಯುತ್ತಲೇ ಇರುತ್ತದೆ,
ಎಷ್ಟು ಕಡೆದರೂ ಬೆಣ್ಣೆ ಬರುವುದಿಲ್ಲ,
ಬಿಸಿ ಬರುತ್ತದೆ.
ಮುಟ್ಟು.

ಕೈಗವಸು ತೆಗೆದು ಮುಟ್ಟಿದ,
ಚುರುಕ್ಕೆಂದು ಹಿಂದೆಳೆದ, ಮತ್ತೆ ಮುಟ್ಟಿದ.
ಆಮೇಲೆ ಎರಡೂ ಅಂಗೈ ಆನಿಸಿ ನಿಂತ,
ನಂಬುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು.
ರಸ್ತೆಯಲ್ಲಿ ಹಿಮ ತಳ್ಳುವ ಲಾರಿ ಹೋಯಿತು.
ನಾನೂ ಒಂದು ಕೈ ಇಟ್ಟೆ.

ಹೊರಡುವಾಗ ಚೀಟಿ ಕೇಳಿದ.
ಎರಡನ್ನೂ ಮುದ್ರಿಸಿ ಮುಂದೆ ಹಿಡಿದೆ.
"ಮೊದಲನೆಯದು ಸಾಕು," ಅಂದ,
"ಐವತ್ತೊಂದು ಇದ್ದದ್ದು."